ಪರಸ್ಥಾನಕ್ಕೆ ಇಟ್ಟ ಬ್ಯಾಗು

ನಮ್ಮ ಮನೆಯ ಮಂಚದ ಕೆಳಗೆ ಒಂದು ನೀಲಿ ಬ್ಯಾಗಿದೆ. ಚಕ್ರ ಇರುವ, ಹಿಡಿ ಎಳೆದರೆ ಉದ್ದವಾಗುವ ಬ್ಯಾಗು. ಮೊನ್ನೆ ಹಾಸನಕ್ಕೆ ಮದುವೆಗೆ ಹೊರಟಾಗ ನಮ್ಮನೆಯವರು ಅದನ್ನು ಎಳೆಯಲು ಬಗ್ಗಿದವರು, ನನ್ನ ಮುಖ ನೋಡಿ, ಒಳಕ್ಕೆ ತಳ್ಳಿ ಹಳೆಯ ಕೈಚೀಲವನ್ನೇ ತಂದರು. ಆ ಕೈಚೀಲದ ಜಿಪ್ಪು ಹೋಗಿ ಯಾವ ಕಾಲವಾಯಿತೋ. ಎರಡು ಪಿನ್ನು ಹಾಕಿಕೊಂಡು ಮದುವೆಗೆ ಹೋಗಿ ಬಂದೆವು. ನೀವೇನಾದರೂ ನಮ್ಮ ಮನೆಗೆ ಬಂದು ಆ ನೀಲಿ ಬ್ಯಾಗು ನೋಡಿದರೆ, ಹೊಸದಾಗಿ ಕೊಂಡು ತಂದದ್ದು ಎಂದುಕೊಳ್ಳುತ್ತೀರಿ. ಹೊಸದಲ್ಲ. ಅದು ವಿಯೆಟ್ನಾಂ ದೇಶಕ್ಕೆ ಹೊರಟ ಬ್ಯಾಗು. ಹೊರಟು, ಬೇಲಿ ದಾಟಿ, ಪಕ್ಕದ ಕಮಲಮ್ಮನವರ ಮನೆಯವರೆಗೆ ಹೋಗಿ, ಅಲ್ಲಿ ಒಂದು ವರ್ಷ ಇದ್ದು, ಮನೆಗೆ ಬಂತು. ಹತ್ತಿರ ಬಗ್ಗಿದರೆ ಈಗಲೂ ಕಾಫಿಪುಡಿಯ ವಾಸನೆ ಬರುತ್ತದೆ.

ಇದು ನಿಮಗೆ ಅರ್ಥವಾಗಬೇಕಾದರೆ ಪರಸ್ಥಾನ ಎಂದರೆ ಏನೆಂದು ಹೇಳಬೇಕು. ಈಗಿನವರು ಮರೆತಿದ್ದಾರೆ. ಎಲ್ಲಿಗಾದರೂ ಹೊರಡಲೇಬೇಕಾದ ದಿನ ಪಂಚಾಂಗದ ಪ್ರಕಾರ ಸರಿಯಿಲ್ಲ ಎಂದಿಟ್ಟುಕೊಳ್ಳಿ. ಆಗ ಅದಕ್ಕಿಂತ ಮುಂಚಿನ ಒಂದು ಒಳ್ಳೆಯ ದಿನ ನೋಡಿ, ಜೊತೆಯಲ್ಲಿ ಒಯ್ಯುವ ಸಾಮಾನಿನಲ್ಲಿ ಒಂದನ್ನು ನೆರೆಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾಯಿತು ಎಂದು ಲೆಕ್ಕ. ನಿಜವಾಗಿ ಹೊರಡುವ ದಿನ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋದರೆ ಆಯಿತು, ಯಾವ ದೋಷವೂ ತಟ್ಟುವುದಿಲ್ಲ. ಒಂದೇ ಕಟ್ಟು ಏನೆಂದರೆ, ಇಟ್ಟದ್ದನ್ನು ಮತ್ತೆ ಮನೆಯೊಳಗೆ ತರಬಾರದು. ತಂದರೆ ಹೋಗಿ ಬಂದ ಹಾಗೆ. ಪ್ರಯಾಣ ಮುಗಿಯಿತು.

ಆಲೂರಿನ ಹತ್ತಿರದ ನನ್ನ ತವರಿನಲ್ಲಿ ಅಜ್ಜ ಒಮ್ಮೆ ಅರಕಲಗೂಡಿನ ಕಡೆಯ ಮದುವೆಗೆ ಹೊರಡುವುದಿತ್ತು. ಇರುವುದರಲ್ಲಿ ಹಗುರವಾದದ್ದು ಎಂದು ಕೊಡೆಯನ್ನು ಪಕ್ಕದ ಮನೆಯಲ್ಲಿ ಪರಸ್ಥಾನ ಇಟ್ಟು ಬಂದ. ಅವನು ಇತ್ತ ಹೊಸ್ತಿಲು ದಾಟಿದ್ದೇ ತಡ, ಮಳೆ ಹಿಡಿಯಿತು. ಅಜ್ಜಿ, "ಇರ್ರಿ, ಕೊಡೆ ತತ್ತೀನಿ" ಎಂದು ಹೊರಟರೆ ಅಜ್ಜ ಗದರಿದ: "ಮುಟ್‌ಬ್ಯಾಡ ಅದ್ನ. ಅದು ಪ್ರಯಾಣದಾಗೈತೆ." ಹಾಗೆಂದು ಗೋಣಿಚೀಲ ತಲೆಗೆ ಹಾಕಿಕೊಂಡು ಗದ್ದೆಗೆ ಹೋದ. ನೆನೆದ, ಜ್ವರ ಬಂತು, ಮದುವೆಯ ದಿನ ಕಂಬಳಿ ಹೊದ್ದು ಮಲಗಿದ್ದ. ಮದುವೆ ಮುಗಿದ ಮೇಲೆ ಅಜ್ಜಿ ಹೋಗಿ ಕೊಡೆ ತಂದಳು. ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಬರುವ ಹಾಗಿಲ್ಲವಲ್ಲ, ಅದಕ್ಕೆ ಕೊಡೆಯ ತುದಿಗೆ ಒಂದು ಚೊಂಬು ನೀರು ಹಾಕಿ, ಒಳಗೆ ತಂದು ಮೂಲೆಗೆ ನಿಲ್ಲಿಸಿ, "ಮದ್ವೆ ಊಟ ಹೆಂಗಿತ್ತಪ್ಪ?" ಎಂದು ಅದನ್ನೇ ಕೇಳಿದಳು. ಅಜ್ಜ ಕಂಬಳಿಯೊಳಗೇ ನಕ್ಕ. ನಾವು ಮಕ್ಕಳೆಲ್ಲ ಎಷ್ಟೋ ದಿನ ಅದನ್ನೇ ಆಡಿಕೊಂಡು ನಕ್ಕಿದ್ದೇವೆ. ಈಗ ನೆನಪಾದರೆ ನಗು ಬರುವುದಿಲ್ಲ.

ಮಂಗಳಕ್ಕ ನನ್ನ ವಾರಗಿತ್ತಿ, ನಮ್ಮನೆಯವರ ಅಣ್ಣನ ಹೆಂಡತಿ. ವಾರಗಿತ್ತಿಯರೆಂದರೆ ಒಂದೇ ಒಲೆಯ ಮುಂದೆ ಕೂರಬಾರದವರು ಎಂದು ನಮ್ಮ ಕಡೆ ತಮಾಷೆ ಮಾಡುತ್ತಾರೆ. ನಾವೂ ಮೊದಮೊದಲು ಹಾಗೇ ಇದ್ದೆವು. ಸಾರಿಗೆ ಹುಳಿ ಹೆಚ್ಚು ಎಂದು ಅವರು, ಉಪ್ಪು ಕಡಿಮೆ ಎಂದು ನಾನು, ಒಬ್ಬರ ಅಡುಗೆಯನ್ನು ಒಬ್ಬರು ಮುಖ ಸಣ್ಣಗೆ ಮಾಡಿಕೊಂಡು ಉಂಡವರು. ಭಾವನವರು ತೀರಿಕೊಂಡ ಮೇಲೆ ಅದೆಲ್ಲ ತಾನಾಗಿ ಬಿದ್ದುಹೋಯಿತು. ಅವರಿಗೆ ಮಕ್ಕಳಿಲ್ಲ. ಬೆಳಗೋಡಿನಿಂದ ಸ್ವಲ್ಪ ಒಳಗೆ, ಒಂದೇ ಅಂಗಳಕ್ಕೆ ಎರಡು ಬಾಗಿಲು, ಒಂದು ನಮ್ಮದು, ಒಂದು ಅವರದು. ಅವರ ಪಾಲಿನ ರೊಬಸ್ಟಾ ಕಾಫಿ ತೋಟವನ್ನು ಅವರೇ ನೋಡಿಕೊಂಡರು. ಆಳುಗಳ ಹಾಜರಿ, ಕೊಯ್ಲು, ಕಣದಲ್ಲಿ ಕಾಯಿ ಒಣಗಿಸುವುದು, ಎಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ. ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟು ಪ್ರಪಂಚವನ್ನೆಲ್ಲ ತೋರಿಸುತ್ತೇನೆ. ಸ್ವತಃ ನೋಡಿದ ಅತಿ ದೂರದ ಊರೆಂದರೆ ರಾಮೇಶ್ವರ, ಅದೂ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತಾ.

ಅಕ್ಕ ಮುಸ್ಸಂಜೆಯಲ್ಲಿ ಬಾಗಿಲ ಚೌಕಟ್ಟಿಗೆ ಹೆಗಲು ಬಡಿಸಿಕೊಳ್ಳತೊಡಗಿದಾಗ ನಾವು ಕೀಟಲೆ ಮಾಡಿದೆವು. ಪಕ್ಕದಲ್ಲಿಟ್ಟ ಕಾಫಿ ಲೋಟವನ್ನು ಕೈ ತಗುಲಿಸಿ ಚೆಲ್ಲಿದಾಗ, "ಯೋಚನೆ ಎಲ್ಲೈತೆ ಅತ್ತಿಗೆ?" ಎಂದು ನಮ್ಮನೆಯವರು ನಕ್ಕರು. ಹಾಸನದ ಕಣ್ಣಿನ ಡಾಕ್ಟರು ನಗಲಿಲ್ಲ. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಸಾಯುತ್ತಾ ಬರುತ್ತಿದೆ, ಕತ್ತಲಲ್ಲಿ ಈಗಾಗಲೇ ಕಾಣುವುದಿಲ್ಲ, ಹಗಲಲ್ಲಿ ನೇರ ಎದುರಿಗಿರುವುದು ಮಾತ್ರ ಕಾಣುತ್ತದೆ, ಅದೂ ನಿಧಾನವಾಗಿ ಹೋಗುತ್ತದೆ, ಔಷಧಿ ಇಲ್ಲ ಎಂದರು. ಎಷ್ಟು ಕಾಲ ಎಂದು ಕೇಳಿದ್ದಕ್ಕೆ, ಹೇಳಲಾಗದು ಎಂದರು. ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಲೇ ಬಂದರು. ನಾನು ದಾರಿಯ ಊರುಗಳ ಹೆಸರು ಓದುತ್ತಾ ಬಂದೆ.

ಮನಸ್ಸು ಬೇರೆ ಕಡೆ ತಿರುಗಲಿ ಎಂದು ನನ್ನ ಮೊಬೈಲಿನಲ್ಲಿ ಒಂದಷ್ಟು ವಿಡಿಯೋ ತೋರಿಸುತ್ತಿದ್ದೆ. ಅದರಲ್ಲೊಂದು ವಿಯೆಟ್ನಾಮಿನ ಹನೋಯ್ ಎಂಬ ಊರಿನದು. ಒಂದು ಇಕ್ಕಟ್ಟಾದ ಸಂದಿ, ಎರಡೂ ಕಡೆ ಮನೆ, ಮನೆಯ ಮುಂದೆ ಕೂತು ಜನ ಕಾಫಿ ಕುಡಿಯುತ್ತಿದ್ದಾರೆ. ನಡುವೆ ಹಳಿ. ಒಂದು ಗಳಿಗೆಯಲ್ಲಿ ಎಲ್ಲರೂ ಕುರ್ಚಿ ಎಳೆದುಕೊಂಡು ಗೋಡೆಗೆ ಒತ್ತುತ್ತಾರೆ, ಮೂಗಿನ ಮುಂದೆಯೇ ರೈಲು ಹಾದುಹೋಗುತ್ತದೆ. ಅಕ್ಕ ಫೋನನ್ನು ಮುಖದ ನೇರಕ್ಕೆ ಹಿಡಿದು ನಾಲ್ಕು ಸಲ ನೋಡಿದರು.

"ನಮ್ದೂ ಹಿಂಗೇ ಕಣೇ," ಎಂದರು. "ಬಾಗ್ಲು ತೆಗುದ್ರೆ ರೈಲು. ಆದ್ರೆ ನಮ್ತಾವ ಜನಾನೇ ಇರ್ಲಿಲ್ಲ."

ಅಕ್ಕನ ಅಪ್ಪ ರೈಲ್ವೆಯಲ್ಲಿ ಹಳಿ ನೋಡುವ ಕೆಲಸದಲ್ಲಿದ್ದವರು. ಘಟ್ಟದಲ್ಲಿ ರೈಲು ಶುರುವಾದ ಹೊಸದರಲ್ಲಿ ಅವರನ್ನು ಎಡಕುಮೇರಿಗೆ ಹಾಕಿದ್ದರು. ಸುತ್ತ ಕಾಡು, ರಸ್ತೆಯಿಲ್ಲ, ಅಕ್ಕಿ ಬೇಳೆ ರೈಲಿನಲ್ಲೇ ಬರಬೇಕು. ಹುಡುಗಿ ಅಂಗಳದಲ್ಲಿ ನಿಂತು ಹೋಗುವ ರೈಲಿಗೆಲ್ಲ ಕೈ ಬೀಸುತ್ತಿದ್ದಳಂತೆ. ಕಿಟಕಿಯಲ್ಲಿದ್ದವರಿಗೆ ಅವಳು ಕಾಣುವಷ್ಟರಲ್ಲಿ ಸುರಂಗ ಬಂದುಬಿಡುತ್ತಿತ್ತು.

"ಅಲ್ಲಿಗೆ ಹೋಗಕ್ಕೆ ಎಷ್ಟ್ ದಿನ ಬೇಕು?" ಎಂದು ಅಕ್ಕ ಕೇಳಿದರು. ನಾನು ನಕ್ಷೆಯಲ್ಲಿ ಮಾತ್ರ ವಿಯೆಟ್ನಾಂ ನೋಡಿದವಳು, ತುಂಬಾ ತಿಳಿದವಳ ಹಾಗೆ, "ಎಂಟು ದಿನ ಇದ್ರೆ ಇಡೀ ದೇಶ ನೋಡ್ಕೊಂಡು ಬರಬಹುದು" ಎಂದುಬಿಟ್ಟೆ.

ನಿಜ ಹೇಳಬೇಕೆಂದರೆ ನಮಗೆ ಇದ್ದದ್ದೇ ಎಂಟು ದಿನ. ಕಣದ ಕಾಯಿ ಒಣಗಿ ಚೀಲ ಸೇರಬೇಕು, ಅದಾದ ಮೇಲೆ ಗಿಡ ಹೂವು ಬಿಡಲೆಂದು ತೋಟಕ್ಕೆ ನೀರು ಹಾಯಿಸಲು ಸ್ಪ್ರಿಂಕ್ಲರ್ ಜೋಡಿಸಬೇಕು. ಇವೆರಡರ ನಡುವೆ ತೋಟದವರಿಗೆ ಉಸಿರಾಡಲು ಸಿಗುವುದು ಒಂದು ವಾರ, ಇನ್ನೊಂದು ದಿನ. ನನ್ನ ಸ್ಕೂಲಿನಲ್ಲೂ ಪರೀಕ್ಷೆ ಹತ್ತಿರ, ಅದಕ್ಕಿಂತ ಹೆಚ್ಚು ರಜೆ ಇಲ್ಲ. ಇಷ್ಟರಲ್ಲಿ ನಾನು ನಾಲ್ಕು ಊರು ತುರುಕಿದೆ. ನಮ್ಮಲ್ಲಿ ನೆಟ್‌ವರ್ಕು ಬರುವುದು ಕಣದ ಮೂಲೆಯ ಒಂದು ಕಲ್ಲಿನ ಮೇಲೆ ಕೂತರೆ ಮಾತ್ರ. ದಿನಾ ಸ್ಕೂಲಿನಿಂದ ಬಂದವಳೇ ಆ ಕಲ್ಲು ಏರಿ ಕೂರುತ್ತಿದ್ದೆ. ಅಕ್ಕ ಕೆಳಗೆ ಕಾಯಿ ತಿರುವುತ್ತಾ ಕೇಳುತ್ತಿದ್ದರು.

"ಹನೋಯ್, ಹುಯೆ, ದನಾಂಗ್, ಸೈಗಾನ್."

"ಇದೇನೇ, ಹಾಜ್ರಿ ಕರ್ದಂಗೆ ಕರೀತೀಯ?"

"ಎಲ್ಲಾ ಆಗುತ್ತಕ್ಕ. ರಾತ್ರಿ ರೈಲು ಹತ್ತಿ ಮಲಗಿದ್ರೆ ಬೆಳಿಗ್ಗೆ ಇನ್ನೊಂದು ಊರು. ಒಂದು ಹಗಲು ಉಳೀತು."

ಅಕ್ಕ ಕಾಯಿ ತಿರುವುವುದನ್ನು ನಿಲ್ಲಿಸಿದರು. "ಹಗ್ಲು ಉಳಿಸಿ ಏನ್ ಮಾಡ್ಲಿ? ನಂಗೆ ಹಗ್ಲಲ್ಲೇ ಹೋಗ್ಬೇಕು ಕಣೆ. ಕಿಟಕೀತಾವ ಕುಂತ್ಕಂಡು. ಹೊತ್ತು ಮುಳುಗಿದ್ಮೇಲೆ ಹೋಗೋದು ಒಂದೇ, ಇಲ್ಲೇ ಮಲ್ಗೋದು ಒಂದೇ."

ಎಲ್ಲ ಪ್ರವಾಸಿಗರೂ ಸಮಯ ಉಳಿಸಲು ಮಾಡುವ ಉಪಾಯ ನಮಗೆ ಆಗುವಂತಿರಲಿಲ್ಲ. ಹಗಲು ರೈಲಿನಲ್ಲೇ ಹೋಗಬೇಕು, ಸಂಜೆ ಎಲ್ಲೂ ತಿರುಗುವ ಹಾಗಿಲ್ಲ. ಎಂಟು ದಿನ ಎಂದದ್ದು ಎಂಟು ಹಗಲಾಯಿತು. ಮೊದಲು ಸೈಗಾನ್ ಬಿಟ್ಟೆವು. ಆಮೇಲೆ ದನಾಂಗ್. ನನಗೆ ಆ ಊರಿನ ಸಮುದ್ರದ ಚಿತ್ರ ನೋಡಿ ಆಸೆಯಾಗಿತ್ತು, ಬಿಡಲು ಮನಸ್ಸಿಲ್ಲದೆ ಗೊಣಗಿದೆ. "ಎಲ್ಲಾ ಊರು ನೋಡೋವಷ್ಟು ಕಣ್ಣು ನಂತಾವ ಇಲ್ಲ, ಶಶಿ," ಎಂದರು ಅಕ್ಕ, ತೀರಾ ಸಾಧಾರಣವಾಗಿ, ಮನೆಯಲ್ಲಿ ಸಕ್ಕರೆ ಇಲ್ಲ ಎನ್ನುವ ಹಾಗೆ. ಆಮೇಲೆ ನಾನು ಗೊಣಗಲಿಲ್ಲ. ಹನೋಯ್, ಅಲ್ಲಿಂದ ಹಗಲು ರೈಲಿನಲ್ಲಿ ಹುಯೆ, ವಾಪಸ್. ಇಷ್ಟೇ ಎಂದು ತೀರ್ಮಾನವಾಯಿತು.

ಹೊರಡುವ ಮುಂಚೆ ಒಂದು ಪರೀಕ್ಷೆ ಆಗಲಿ ಎಂದು ಒಂದು ಭಾನುವಾರ ಸಕಲೇಶಪುರದಲ್ಲಿ ಹಗಲು ರೈಲು ಹತ್ತಿದೆವು. ಜನದ ನಡುವೆ ನನ್ನ ಕೈ ಹಿಡಿದು ನಡೆಯುವುದು ಅಕ್ಕನಿಗೆ ಅಭ್ಯಾಸವಾಗಬೇಕಿತ್ತು. ದೋಣಿಗಲ್ ದಾಟಿದ ಮೇಲೆ ಅವರು ಕಿಟಕಿ ಬಿಟ್ಟು ಏಳಲಿಲ್ಲ. ಎಡಕುಮೇರಿಯಲ್ಲಿ ಬ್ರೇಕ್ ನೋಡುವುದಕ್ಕೆ ರೈಲು ಸ್ವಲ್ಪ ಹೊತ್ತು ನಿಂತಿತು. "ಅಲ್ನೋಡಕ್ಕ, ಎಡಗಡೆ, ಹಳೇ ಕ್ವಾರ್ಟರ್ಸು," ಎಂದು ಬೆರಳು ತೋರಿಸಿದೆ. ಅವರು ಕತ್ತನ್ನು ನಿಧಾನವಾಗಿ ತಿರುಗಿಸುತ್ತಾ, ಕಾಡಿನಲ್ಲಿ ಟಾರ್ಚು ಬಿಟ್ಟು ಹುಡುಕುವವರ ಹಾಗೆ ಹುಡುಕಿದರು. ಸಿಗುವುದರೊಳಗೆ ರೈಲು ಹೊರಟಿತು.

ಸುರಂಗದ ಕತ್ತಲಲ್ಲಿ ಅವರು ಮಾತಾಡತೊಡಗಿದರು. ಸಕಲೇಶಪುರದ ನೆಂಟರ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದಾಗ, ರಜೆಗೆ ಎಡಕುಮೇರಿಗೆ ಬರುವುದು ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ, ಗಾರ್ಡ್ ಮಾಮನ ಜೊತೆ.

"ಮುಂದೆ ಇಂಜಿನ್‌ನಾಗೆ ಕುಂತೋರ್ಗೆ ಸುರಂಗದ ಬೆಳಕು ದೊಡ್ದಾಗ್ತಾ ದೊಡ್ದಾಗ್ತಾ ಬತ್ತದೆ. ನಾನು ಕುಂತಿದ್ದು ಹಿಂದ್ಗಡೆ. ನಂಗೆ ಬರೀ ಸಣ್ಣಾಗ್ತಾ ಹೋಗೋದೇ ಕಾಣೋದು. ಮೊದ್ಲು ಬಾಗ್ಲಷ್ಟು, ಆಮೇಲೆ ಕಿಟಕಿಯಷ್ಟು, ಆಮೇಲೆ ದುಡ್ಡಿನಗ್ಲ. ತಿರುವು ಬಂತೂಂದ್ರೆ ಅದೂ ಹೋಯ್ತು. ಈಗ್ಲೂ ಹಂಗೇ ಆಗೈತೆ ಕಣೇ. ಕಿಟಕಿಯಷ್ಟೈತೆ."

ಕತ್ತಲಿತ್ತು, ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ನಾನು ಅತ್ತುಬಿಟ್ಟೆ. ಬೆಳಕು ಬರುವುದರೊಳಗೆ ಸೆರಗಿನಲ್ಲಿ ಒರೆಸಿಕೊಂಡೆ.

ಹನೋಯಿನ ಆ ಸಂದಿಯಲ್ಲಿ ವಾರದ ದಿನಗಳಲ್ಲಿ ರೈಲು ಹೆಚ್ಚಾಗಿ ಹೊತ್ತು ಮುಳುಗಿದ ಮೇಲೆ, ಶನಿವಾರ ಭಾನುವಾರ ಮಾತ್ರ ಹಗಲು ಹೊತ್ತಿನಲ್ಲೂ ಉಂಟು ಎಂದು ಓದಿದ್ದೆ. ಹಾಗಾಗಿ ಶನಿವಾರ ಅಲ್ಲಿರಲೇಬೇಕು, ಶುಕ್ರವಾರ ಹೊರಡಲೇಬೇಕು. ಹೆಣ್ಣುಮಕ್ಕಳು ಶುಕ್ರವಾರ ಮನೆ ಬಿಟ್ಟು ಹೊರಡುವುದೆಂದರೇನೇ ಆಗದು, ಅಂದು ಅಮಾವಾಸ್ಯೆ ಬೇರೆ. ನಾನು ಇದನ್ನೆಲ್ಲ ನಂಬುವುದಿಲ್ಲ ಎಂದು ತರಗತಿಯಲ್ಲಿ ಹೇಳುವವಳು, ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುತ್ತೇನೆ. ಮಠದ ಅಯ್ಯನವರು, "ಸೋಮವಾರ ಚೆನ್ನಾಗೈತೆ, ಪರಸ್ಥಾನ ಇಟ್ಬುಡಿ" ಎಂದರು. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಅಕ್ಕ ಮತ್ತು ನಾನು ಹೊಸ ನೀಲಿ ಬ್ಯಾಗನ್ನು ಬೇಲಿ ದಾಟಿಸಿ ಕಮಲಮ್ಮನವರ ಮನೆಯ ಪಡಸಾಲೆಯಲ್ಲಿ ಇಟ್ಟೆವು. ಅದರೊಳಗೆ ಅಕ್ಕನ ಎರಡು ಸೀರೆ, ನನ್ನದೊಂದು ಚೂಡಿದಾರ್, ಒಂದು ದೊಡ್ಡ ಪೊಟ್ಟಣ ನಮ್ಮದೇ ತೋಟದ ಕಾಫಿಪುಡಿ. ವಿಯೆಟ್ನಾಂ ಊರು ತುಂಬ ಕಾಫಿ ಬೆಳೆಯುವ ದೇಶ, ಅಲ್ಲಿಗೆ ಕಾಫಿಪುಡಿ ಯಾಕೆ ಎಂದರೆ ಅಕ್ಕ ಕೇಳಲಿಲ್ಲ. "ಅವ್ರೂ ನಮ್ದು ಕುಡೀಲಿ," ಎಂದರು. ಕಮಲಮ್ಮ ನಮ್ಮಿಬ್ಬರಿಗೂ ಕುಂಕುಮ ಕೊಟ್ಟು, "ಅಲ್ಲಿಗೋದ್ಮೇಲೆ ನಮ್ಮನ್ನ ಮರೀಬೇಡಿ ಕಣ್ರೀ" ಎಂದು ಕೀಟಲೆ ಮಾಡಿದರು. ವಾಪಸ್ ಬರುವಾಗ ಅಕ್ಕನ ಹೆಜ್ಜೆ ಬೇರೆಯೇ ಇತ್ತು. "ಹೊರಟ್ಬುಟ್ವಿ ಅಂತಾಯ್ತಲ್ಲ ಶಶಿ," ಎಂದು ಎರಡು ಸಲ ಹೇಳಿದರು.

ಬುಧವಾರ ಮಧ್ಯಾಹ್ನ ಮೋಡ ಕವಿಯಿತು. ಆ ತಿಂಗಳಲ್ಲಿ ಮಳೆಯ ಮಾತೇ ಇಲ್ಲ. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಕಣದ ಮೇಲೆ ನೀರು ಹರಿಯುತ್ತಿತ್ತು. ಅಕ್ಕ, ನಮ್ಮನೆಯವರು, ಆಳುಗಳು ಟಾರ್ಪಾಲು ಎಳೆಯುತ್ತಿದ್ದರು. ಇನ್ನೇನು ಚೀಲ ಸೇರಬೇಕಿದ್ದ ಕಾಯಿ ನೀರಿನಲ್ಲಿ ಮೂಲೆಗೆ ಕೊಚ್ಚಿ ಹೋಗುತ್ತಿತ್ತು. ಕತ್ತಲಾಗುತ್ತಿದ್ದ ಹಾಗೆ ಅಕ್ಕನಿಗೆ ರಾಶಿ ಎಲ್ಲಿ ಮುಗಿಯುತ್ತದೆ ಎಂದು ಕಾಣದಾಯಿತು. ಬಗ್ಗಿ ಕೈಯಲ್ಲಿ ಸವರುತ್ತಾ ಕಾಯಿಯನ್ನು ಒಟ್ಟುಮಾಡುತ್ತಿದ್ದರು. ಮಳೆ ಮರುದಿನವೂ ಬಿಡಲಿಲ್ಲ.

"ನೀವು ಹೋಗ್ಬನ್ನಿ ಅತ್ತಿಗೆ, ನಾನಿದೀನಲ್ಲ," ಎಂದರು ನಮ್ಮನೆಯವರು.

"ನೀನೊಬ್ಬ ಎಷ್ಟೂಂತ ನೋಡ್ತೀಯಪ್ಪ? ಕಾಯಿಗೆ ಬೂಷ್ಟು ಹಿಡೀತದೆ, ದಿನಾ ತಿರುವ್ಬೇಕು. ಈ ಮಳೆಗೆ ಹೂವು ಬೇರೆ ಬಂದ್ಬುಡ್ತದೆ. ಹೂವಾದ್ಮೇಲೆ ನೀರು ಬೀಳ್ಲಿಲ್ಲಾಂದ್ರೆ ಬರೋ ವರ್ಷ ಕಾಯೇ ಇರಲ್ಲ." ನನ್ನ ಕಡೆ ತಿರುಗಿದರು. "ಮುಂದಿನ್ ವರ್ಷ ಹೋಗನ ಬಿಡೇ."

ಟಿಕೆಟ್ಟನ್ನು ಮುಂದಕ್ಕೆ ಹಾಕಿಸಿದೆ. ಮಳೆ ನಿಂತ ಮೇಲೆ ಕಮಲಮ್ಮ ಬೇಲಿಯ ಹತ್ತಿರ ಬಂದು, ಬ್ಯಾಗು ಕಳಿಸಲೇ ಎಂದು ಕೇಳಿದರು. ಅಕ್ಕ ಗಾಬರಿಯಾದರು.

"ಬ್ಯಾಡ ಬ್ಯಾಡ. ಒಳೀಕ್ಕೆ ತಂದ್ರೆ ಹೋಗಿ ಬಂದಂಗಾಗೋಯ್ತದೆ. ಅಲ್ಲೇ ಇರ್ಲಿ. ನಾವು ದಾರೀಲಿದೀವಿ ಅಂದ್ಕಳಿ."

ಹೆಚ್ಚು ದಿನ ಆಗಲಿಲ್ಲ, ತೋಟ ಪೂರ್ತಿ ಹೂವಾಯಿತು. ಅಷ್ಟು ಒತ್ತಾಗಿ ಬಿಟ್ಟ ಹೂವನ್ನು ನಾನು ಬೇರೆ ಯಾವ ವರ್ಷವೂ ನೋಡಿಲ್ಲ. ರೆಂಬೆಯೇ ಕಾಣದಷ್ಟು ಬಿಳಿ, ಮನೆಯೊಳಗೂ ಅದರದೇ ವಾಸನೆ. ಅಕ್ಕ ಗಿಡಗಳ ನಡುವೆ ನಿಂತು, ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಾ ಬಹಳ ಹೊತ್ತು ನೋಡಿದರು. ನನಗೆ ಆ ಹೂವಿನ ಮೇಲೆ ಸಿಟ್ಟು ಬಂದಿತ್ತು. ಅವರು ಕಣ್ಣಾರೆ ನೋಡಿದ ಕೊನೆಯ ಹೂವು ಅದು. ಹಾಗೆಂದು ಆಗ ಗೊತ್ತಿದ್ದರೆ ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲವೇನೋ.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಕಿಟಕಿಯಷ್ಟಿದ್ದದ್ದು ದುಡ್ಡಿನಗಲ ಆಯಿತು. ದೀಪಾವಳಿಗೆ ಹಣತೆ ಹಚ್ಚಿದಾಗ ಯಾವುದೋ ಬೆಳಕು ಇದೆ ಎಂದಷ್ಟೇ ಹೇಳಿದರು. ಅಂಗಳದಲ್ಲಿ ಎರಡು ಬಾಗಿಲ ನಡುವೆ ಹಗ್ಗ ಕಟ್ಟಿದೆವು, ಅದನ್ನು ಹಿಡಿದು ಬರುತ್ತಿದ್ದರು. ತೋಟವನ್ನು ನಮ್ಮನೆಯವರೇ ನೋಡಿಕೊಂಡರು. ಪ್ರವಾಸದ ಸುದ್ದಿಯನ್ನು ನಾವ್ಯಾರೂ ಎತ್ತಲಿಲ್ಲ. ಕಮಲಮ್ಮನವರ ಮನೆಗೆ ಹೆಪ್ಪು ತರಲು ಹೋದಾಗಲೆಲ್ಲ ಪಡಸಾಲೆಯ ಮೂಲೆಯಲ್ಲಿ ಬ್ಯಾಗು ಕಾಣುತ್ತಿತ್ತು. ಅವರು ಅದರ ಮೇಲೊಂದು ಹಳೆಯ ಪಂಚೆ ಹೊದಿಸಿದ್ದರು. ಒಮ್ಮೊಮ್ಮೆ ಅಕ್ಕ ಹಗ್ಗ ಹಿಡಿದು ಬಂದು ಕೂತವರು, ಸುಮ್ಮನೆ ಎಂಬಂತೆ, "ಬ್ಯಾಗು ಐತೇನೆ ಅಲ್ಲಿ?" ಎಂದು ಕೇಳುತ್ತಿದ್ದರು. ಇದೆ ಅಕ್ಕ ಎನ್ನುತ್ತಿದ್ದೆ. ಅಷ್ಟಕ್ಕೇ ಅವರಿಗೆ ಸಮಾಧಾನವಾಗುತ್ತಿತ್ತು. ಕಣ್ಣು ಹೋದರೂ ಅವರ ಮಟ್ಟಿಗೆ ಪ್ರಯಾಣ ನಿಂತಿರಲಿಲ್ಲ ಎಂದು ನನಗೆ ಆಗ ಅರ್ಥವಾಗಲಿಲ್ಲ.

ಮತ್ತೆ ಕೊಯ್ಲು ಬಂತು. ಕಮಲಮ್ಮನವರ ಮನೆಯಲ್ಲಿ ಮಗಳ ಮದುವೆಯೆಂದು ಬಣ್ಣ ಹೊಡೆಸುತ್ತಿದ್ದರು. ಒಂದು ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಅಕ್ಕ ನಮ್ಮ ಬಾಗಿಲ ಹೊರಗೆ ಜಗುಲಿಯಲ್ಲಿ ಕೂತು, ಮೊರದಲ್ಲಿ ಮೆಣಸನ್ನು ಬೆರಳಲ್ಲೇ ಸವರಿ ಕಡ್ಡಿ ತೆಗೆಯುತ್ತಿದ್ದರು. ಕಣದ ಸಿಮೆಂಟಿನ ಮೇಲೆ ಚಕ್ರ ಉರುಳುವ ಗಡಗಡ ಸದ್ದು ಕೇಳಿಸಿತು. ಅದೇನೆಂದು ನನಗೆ ಹೊಳೆದು, ಸೌಟು ಹಿಡಿದುಕೊಂಡೇ ಓಡಿ ಬರುವಷ್ಟರಲ್ಲಿ ನಮ್ಮನೆಯವರು ಬ್ಯಾಗನ್ನು ಹೊಸ್ತಿಲು ದಾಟಿಸಿ ಒಳಗೆ ನಿಲ್ಲಿಸಿದ್ದರು.

"ಏನು?" ಎಂದರು ನನ್ನ ಮುಖ ನೋಡಿ. "ಬಣ್ಣ ಸಿಡೀತದೆ ಅಂತ ಕಮಲಮ್ಮ ಪಡಸಾಲೆ ಖಾಲಿ ಮಾಡಿಸ್ತಿದ್ರು. ನಾನೇ ತಂದೆ." ಅಷ್ಟು ಹೇಳುವಷ್ಟರಲ್ಲಿ ಅವರಿಗೂ ನೆನಪಾಯಿತು. ಹಿಡಿಯ ಮೇಲಿನ ಕೈ ಹಾಗೇ ನಿಂತಿತು. ಒಳ್ಳೆಯ ಮನುಷ್ಯ, ನೆನಪು ಸಾಲದು.

ಮೊರದ ಸದ್ದು ನಿಂತಿತ್ತು. ಅಕ್ಕ ಮುಖವನ್ನು ನಮ್ಮ ಕಡೆ ತಿರುಗಿಸಿದ್ದರು, ಸ್ವಲ್ಪ ಪಕ್ಕಕ್ಕೆ, ಗೋಡೆಯ ಕಡೆಗೆ.

"ಅದೇ ಬ್ಯಾಗಾ?"

"ಹೂಂ ಅಕ್ಕ."

"ಒಳೀಕ್ಕೆ ಬಂತಾ?"

ಅಕ್ಕ ಮಡಿಲಿಗೆ ಬಿದ್ದ ಮೆಣಸಿನ ಕಾಳುಗಳನ್ನು ಒಂದೊಂದಾಗಿ ಹುಡುಕಿ ಮೊರಕ್ಕೆ ಹಾಕಿದರು. ಮೊರವನ್ನು ಪಕ್ಕಕ್ಕೆ ಸರಿಸಿದರು.

"ಬಂದ್ಬುಟ್ವಿ ಅನ್ನು ಹಂಗಾದ್ರೆ," ಎಂದರು. ಆಮೇಲೆ ಜಗುಲಿಯಿಂದ ಕಾಲನ್ನು ಕೆಳಗೆ ಇಳಿಬಿಟ್ಟು, ಸೀರೆಯನ್ನು ಹರಡಿನ ಮೇಲಕ್ಕೆ ಎತ್ತಿ ಹಿಡಿದರು. "ಒಂದು ಚೊಂಬು ನೀರ್ ತತ್ತಾರೇ ಶಶಿ. ಕಾಲ್ ತೊಳ್ಕಂಡು ಒಳೀಕ್ಕೆ ಬತ್ತೀನಿ."

ನಾನು ನೀರು ತಂದು ಅವರ ಕಾಲಿಗೆ ಹಾಕಿದೆ. ಉಳಿದದ್ದನ್ನು ನನ್ನ ಕಾಲಿಗೂ ಹಾಕಿಕೊಂಡೆ.